ಪಂಪು ನಿಂತ ಬೆಳಿಗ್ಗೆ

ನಿವೇಶನ ಮಾರುವುದೇ ಕಸುಬಾದ್ದರಿಂದ ಅವಳನ್ನು ಎಲ್ಲರೂ ಸೈಟಕ್ಕ ಎಂದೇ ಕರೆಯುತ್ತಿದ್ದರು. ನೀರಿಲ್ಲದ ಬಾವಿಯನ್ನೂ 'ಬಿದ್ದರೂ ಮುಳುಗುವ ಭಯವಿಲ್ಲ' ಎಂದು ಹೊಗಳಿ ಮಾರಬಲ್ಲವಳು ಎಂದು ಅವಳ ಬೆನ್ನ ಹಿಂದೆ ನಗುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಿರಲಿಲ್ಲ, ಒಳಗೊಳಗೆ ಹೆಮ್ಮೆಯೇ.

ಆದರೆ ಕಾಲುವೆ ದಂಡೆಯ ಆ ಒಂದು ನಿವೇಶನ ಮಾತ್ರ ಅವಳಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಒಂದು ಕಾಲಕ್ಕೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಿದ್ದ ಬಡಾವಣೆ ಅದು. ಕಾಲುವೆಯ ನೀರು ಒಂದು ದಿನ ನೀಲಿ, ಒಂದು ದಿನ ಕೆಂಪು. ಜನ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ಈಗ ಅಲ್ಲಿ ಕಲ್ಲು ಹಾಸಿದ ಕಾಲುದಾರಿ, ದಂಡೆಯುದ್ದಕ್ಕೂ ಬೆಂಚು, ಕಾರ್ಖಾನೆಗಳ ಗೋಡೆಯೊಳಗೆ ಕಾಫಿ ಅಂಗಡಿ, ಚಿತ್ರಗಳ ಅಂಗಡಿ. ಬಡಾವಣೆಯ ದೆಸೆ ತಿರುಗಿತ್ತು. ಹಾಗೆ ತಿರುಗಿದ ದೆಸೆಯ ಮಧ್ಯೆ ಈ ದೊಡ್ಡ ಗುಂಡಿ. ಹಿಂದಿನ ಕಟ್ಟುವವರು ಮೂವತ್ತು ಅಂತಸ್ತಿನ ವಸತಿ ಗೋಪುರಕ್ಕೆಂದು ನೆಲ ಅಗೆದು, ಸುತ್ತಲೂ ಮಣ್ಣು ಕುಸಿಯದಂತೆ ಕಬ್ಬಿಣದ ಹಲಗೆಗಳನ್ನು ಇಳಿಸಿ, ಅಷ್ಟಕ್ಕೇ ಕೈಚೆಲ್ಲಿ ಹೋಗಿದ್ದರು. ಅನುಮತಿ ಪತ್ರ ಸಿದ್ಧ, ನಕ್ಷೆ ಸಿದ್ಧ; ಕಟ್ಟುವವರು ಮಾತ್ರ ಇಲ್ಲ.

ಕಾಲುವೆ ಪಕ್ಕದಲ್ಲೇ ಇದ್ದುದರಿಂದ ಗುಂಡಿಗೆ ನೀರು ಜಿನುಗುತ್ತಲೇ ಇರುತ್ತಿತ್ತು. ಅದನ್ನು ಎತ್ತಿ ಹಾಕಲು ಹಗಲೂ ರಾತ್ರಿ ಒಂದು ಪಂಪು ಓಡುತ್ತಿತ್ತು. ಅದರ ಗಡಗಡ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ಹಿಂದೆ ಎರಡು ಸಲ ಗಿರಾಕಿಗಳು ಬಂದಾಗ, "ಇಷ್ಟು ನೀರಾ?" ಎಂದು ಮುಖ ಸಿಂಡರಿಸಿ ಹೋಗಿದ್ದರು. ಅದಕ್ಕೇ ಆ ಬೆಳಿಗ್ಗೆ ಸೈಟಕ್ಕ ಕಾವಲುಗಾರನಿಗೆ ಫೋನು ಮಾಡಿ, "ಅಣ್ಣಾ, ಪಂಪು ನಿಲ್ಲಿಸಿಬಿಡಿ. ಪೈಪನ್ನೂ ಸುತ್ತಿ ಒಳಗಿಡಿ. ಒಂದು ಗಂಟೆ ಅಷ್ಟೇ, ಅವರು ಬಂದು ನೋಡ್ಕೊಂಡು ಹೋಗ್ಲಿ" ಎಂದಿದ್ದಳು.

"ನಿಲ್ಲಿಸಬಾರದು ಅಂತ ಹೇಳಿದ್ರಲ್ಲಮ್ಮ?"

"ನಾನು ಹೇಳ್ತಿದೀನಲ್ಲ. ಏನಾದ್ರೂ ಆದ್ರೆ ನನ್ನ ತಲೆ ಮೇಲೆ."

ಆದರೆ ಗಿರಾಕಿಗಳು ಹೇಳಿದ ಹೊತ್ತಿಗೆ ಬರಲಿಲ್ಲ. 'ಇನ್ನು ಹತ್ತು ನಿಮಿಷ' ಎಂದರು. ಮತ್ತೆ 'ಇಗೋ ಹೊರಟ್ವಿ' ಎಂದರು. ಪಂಪು ಹಾಕಿಸೋಣವೆಂದರೆ ಆ ಕ್ಷಣಕ್ಕೇ ಅವರ ಕಾರು ಬಂದರೆ? ಸೈಟಕ್ಕ ಗೇಟಿಗೂ ಗುಂಡಿಗೂ ಅಲೆದಳು. ನಿವೇಶನದ ಮಾಲೀಕ ನೆರಳಿಗೆ ಕುರ್ಚಿ ಹಾಕಿಸಿಕೊಂಡು, "ಇದು ಕೈತಪ್ಪಿದ್ರೆ ಈ ಕೆಲಸ ಬೇರೆಯವರಿಗೆ ಕೊಡ್ತೀನಿ ನೋಡಿ" ಎಂದು ಆಗಾಗ ನೆನಪಿಸುತ್ತಿದ್ದ. ಬಿಸಿಲು ನೆತ್ತಿಗೇರಿತು. ಗುಂಡಿಯ ತಳದ ಒಂದು ಮೂಲೆಯಲ್ಲಿ ನೀರು ಹೊಳೆಯತೊಡಗಿದ್ದನ್ನು ಕಂಡೂ ಕಾಣದವಳಂತೆ ಮುಖ ತಿರುಗಿಸಿದಳು.

ಮುಖ ತಿರುಗಿಸಿದರೆ ಕಾಣುತ್ತಿದ್ದುದು ಇನ್ನೊಂದು. ಗುಂಡಿಯ ಅಂಚಿಗೇ ಹೊಂದಿಕೊಂಡು ಎರಡಂತಸ್ತಿನ ಒಂದು ಹಳೆಯ ಮನೆ. ಕೆಳಗೆ ಬೀಗ ರಿಪೇರಿಯವನ ಅಂಗಡಿ, ಮೇಲೆ ಅವಳ ಅತ್ತಿಗೆ ಮತ್ತು ಹೆತ್ತ ತಾಯಿ. ಅಣ್ಣ ತೀರಿಕೊಂಡ ಮೇಲೂ ತಾಯಿ ಸೊಸೆಯ ಜೊತೆಗೇ ಉಳಿದಿದ್ದಳು. "ಮಗಳ ಮನೇಲಿ ಬರೀ ಫೋನು ಮಾತಾಡುತ್ತೆ, ಇಲ್ಲಿ ಮನುಷ್ಯರು ಮಾತಾಡ್ತಾರೆ" ಎನ್ನುವುದು ಅವಳ ವಾದ. ಆ ಮನೆಯನ್ನೂ ಗೋಪುರಕ್ಕೆ ಸೇರಿಸಿ ಕೊಟ್ಟುಬಿಡಿ ಎಂದು ಹಿಂದಿನ ವರ್ಷ ಸೈಟಕ್ಕ ಅತ್ತಿಗೆಯ ಬೆನ್ನು ಬಿದ್ದಿದ್ದಳು. ಮಾತಿಗೆ ಮಾತು ಬೆಳೆಯಿತು. "ನಿಮ್ಮಣ್ಣ ಇದ್ದಿದ್ರೆ ಈ ಮಾತು ಬಾಯಿಂದ ಬರ್ತಿತ್ತಾ?" ಎಂದು ಅತ್ತಿಗೆ ಕೇಳಿದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ.

ಕೊನೆಗೂ ಕಾರು ಬಂತು. ಕೊಳ್ಳಲು ಬಂದ ಕಂಪನಿಯ ಒಡತಿ ಕಪ್ಪು ಕನ್ನಡಕದ ಹೆಂಗಸು. ಜೊತೆಗೆ ಅವಳ ಇಂಜಿನಿಯರು, ನರೆತ ಗಡ್ಡದ, ಮಾತು ಕಡಿಮೆಯ ಮನುಷ್ಯ. ಸೈಟಕ್ಕನ ನಾಲಿಗೆ ಹರಿಯತೊಡಗಿತು. ಕಾಲುವೆಯ ನೋಟ, ಮೆಟ್ಟಿಲಿಳಿದರೆ ರೈಲು ನಿಲ್ದಾಣ, ಹತ್ತನೇ ಅಂತಸ್ತಿನಿಂದ ಇಡೀ ನಗರ. ಒಡತಿ ತಲೆದೂಗಿದಳು.

"ಎಷ್ಟು ಶಾಂತವಾಗಿದೆ ಅಲ್ವಾ?" ಎಂದಳು.

"ಅದೇ ಇಲ್ಲಿನ ವಿಶೇಷ ಮೇಡಂ."

ಇಂಜಿನಿಯರು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೆಳಗೆ ನೋಡುತ್ತಿದ್ದ. "ನೀರಿನ ಕತೆ ಏನು?" ಎಂದ, ತಲೆ ಎತ್ತದೆ.

"ತೊಂದರೆ ಇಲ್ಲ ಸಾರ್. ಒಂಚೂರು ತೇವ ಇರುತ್ತೆ. ಕಾಲುವೆ ಪಕ್ಕ ಅಂದ್ಮೇಲೆ ಅಷ್ಟೂ ಇಲ್ದಿದ್ರೆ ಹೇಗೆ?"

"ಪಂಪು ಏನಾದ್ರೂ ಇಟ್ಟಿದ್ರಾ?"

ಸೈಟಕ್ಕನ ಕಣ್ಣು ಮಾಲೀಕನ ಕಡೆ ಹೊರಳಿತು. ಮಾಲೀಕ ಆಕಾಶ ನೋಡುತ್ತಿದ್ದ. "ಅಂಥ ಅವಶ್ಯಕತೆ ಬಿದ್ದಿಲ್ಲ" ಎಂದುಬಿಟ್ಟಳು.

ಕೈಯಲ್ಲಿದ್ದ ಫೋನು ನಡುಗಿತು. ಅತ್ತಿಗೆ! ವರ್ಷದಿಂದ ಮಾತಾಡದವಳಿಗೆ ಇವತ್ತೇ ಜಗಳ ನೆನಪಾಯಿತೇ ಎಂದು ಕರೆ ಕತ್ತರಿಸಿದಳು. ಫೋನು ಮತ್ತೆ ನಡುಗಿತು. ಮತ್ತೆ ಕತ್ತರಿಸಿದಳು.

"ಅಲ್ಲಿ ನೋಡಿ" ಎಂದ ಇಂಜಿನಿಯರು. ಅತ್ತಿಗೆಯ ಮನೆಯ ಕೆಳಗಿನ ಕಬ್ಬಿಣದ ಹಲಗೆಗಳ ಬುಡದಲ್ಲಿ ನೀರು ಕುದಿಯುವಂತೆ ಗುಳುಗುಳು ಎನ್ನುತ್ತಿತ್ತು. ತಿಳಿನೀರಲ್ಲ, ಕೆಸರು. "ಅದು ತೇವ ಅಲ್ಲಮ್ಮ. ನೀರಿನ ಜೊತೆ ಮಣ್ಣೂ ಬರ್ತಿದೆ, ಹಲಗೆಗಳ ಬುಡ ಸಡಿಲಾಗ್ತಿದೆ."

ಮೂರನೇ ಸಲ ಫೋನು ನಡುಗಿದಾಗ ಸೈಟಕ್ಕ ಸಿಟ್ಟಿನಿಂದಲೇ ಎತ್ತಿದಳು. "ಏನ್ ಅತ್ತಿಗೆ, ಕೆಲಸದಲ್ಲಿದೀನಿ ಅಂತ..."

"ಅತ್ತೆ ಬಚ್ಚಲಲ್ಲಿ ಸಿಕ್ಕಾಕೊಂಡಿದ್ದಾರೆ ಕಣೆ." ಅತ್ತಿಗೆಗೆ ಏದುಸಿರು. "ಚಿಲಕ ತೆಗೆದಿದ್ದಾರೆ, ಆದ್ರೂ ಬಾಗಿಲು ಕಚ್ಕೊಂಡು ಕೂತಿದೆ. ಎಷ್ಟು ತಳ್ಳಿದ್ರೂ ಅಲ್ಲಾಡ್ತಿಲ್ಲ. ಗೋಡೆಯೊಳಗೆ ಏನೋ ಲಟಲಟ ಅಂತಿದೆ. ನೀನು ಅಲ್ಲೇ ಕೆಳಗಿದೀಯಲ್ಲ, ಕಿಟಕಿಯಿಂದ ಕಾಣ್ತಿದೆ. ನೋಡಿದ್ರೂ ಫೋನ್ ಕಟ್ ಮಾಡ್ತೀಯಲ್ಲೇ!"

ಸೈಟಕ್ಕ ತಲೆ ಎತ್ತಿ ನೋಡಿದಳು. ಮನೆಯ ಹಿಂಗೋಡೆಯ ಮೇಲೆ, ಬಚ್ಚಲಿನ ಕಿರುಗಿಂಡಿಯಿಂದ ಕೆಳಕ್ಕೆ, ಬೆಳಿಗ್ಗೆ ಇಲ್ಲದಿದ್ದ ಒಂದು ಬಿರುಕು ಓಡಿತ್ತು.

ಇನ್ನೊಂದು ಮಾತು ಪೋಣಿಸಿ ಹೊತ್ತು ತಳ್ಳಬಹುದಿತ್ತು. ಅದರಲ್ಲಿ ಅವಳು ನಿಸ್ಸೀಮಳು.

"ಸಾರ್, ಪಂಪು ಇತ್ತು" ಎಂದಳು. "ಹಗಲೂ ರಾತ್ರಿ ಓಡ್ತಿತ್ತು. ನೀವು ಬರ್ತೀರ ಅಂತ ಬೆಳಿಗ್ಗೆ ನಾನೇ ನಿಲ್ಲಿಸಿದ್ದು."

ಮಾಲೀಕ ಕುರ್ಚಿಯಿಂದ ನೆಗೆದೆದ್ದ. "ಏನ್ರೀ, ತಲೆ ಕೆಟ್ಟಿದೆಯಾ ನಿಮಗೆ?"

ಇಂಜಿನಿಯರು ಆಗಲೇ ಎದ್ದು ನಿಂತಿದ್ದ. "ಆ ಮನೇಲಿ ಯಾರಿದ್ದಾರೆ?"

"ನಮ್ಮಮ್ಮ, ನಮ್ಮತ್ತಿಗೆ."

"ಓಡಿ. ಹೊರಗೆ ಕರ್ಕೊಂಡು ಬನ್ನಿ. ಸಾಮಾನು ಗೀಮಾನು ಅಂತ ನಿಲ್ಲಬೇಡಿ."

ಪಂಪಿನ ಕಡೆ ಓಡುತ್ತಿದ್ದ ಕಾವಲುಗಾರನನ್ನು ಅವನೇ ಕೂಗಿ ತಡೆದ. "ಈಗ ಹಾಕಬೇಡಿ! ನೀರು ಎಳೆದ್ರೆ ಇನ್ನಷ್ಟು ಮಣ್ಣು ಎದ್ದು ಬರುತ್ತೆ. ರಸ್ತೆಯಲ್ಲಿ ಯಾರೂ ಬರದ ಹಾಗೆ ನೋಡ್ಕೊಳ್ಳಿ."

ಸೈಟಕ್ಕ ಗೇಟು ದಾಟಿ ಓಡಿದಳು. ಎತ್ತರದ ಚಪ್ಪಲಿ ಒಂದು ಬಿತ್ತು, ಇನ್ನೊಂದನ್ನು ತಾನೇ ಒದ್ದು ಎಸೆದಳು. ಬೀಗದವನ ಅಂಗಡಿಗೆ ನುಗ್ಗಿ, "ಹಾರೆ ಇದೆಯಾ? ಮೇಲೆ ಬನ್ನಿ, ಬಚ್ಚಲ ಬಾಗಿಲು ಒಡೀಬೇಕು" ಎಂದು ಚೀರಿದಳು. ಅವನು ಯಾಕೆ ಏನು ಎಂದು ಕೇಳದೆ ಹಾರೆ ಎತ್ತಿಕೊಂಡು ಹಿಂದೆಯೇ ಬಂದ.

ಮೇಲೆ ಅಡುಗೆಮನೆಯ ತಾರಸಿಯಿಂದ ಗಾರೆಯ ಪುಡಿ ಉದುರುತ್ತಿತ್ತು. ಅತ್ತಿಗೆ ಬಚ್ಚಲ ಬಾಗಿಲಿಗೆ ಭುಜ ಕೊಟ್ಟು ನಿಂತಿದ್ದಳು. ಕೂದಲೆಲ್ಲ ಬಿಚ್ಚಿ ಹೋಗಿತ್ತು. ಮೇಲಿನ ಚೌಕಟ್ಟು ಒಂದು ಕಡೆಗೆ ವಾಲಿ ಬಾಗಿಲನ್ನು ಒತ್ತಿ ಹಿಡಿದಿತ್ತು.

"ಅಮ್ಮಾ!" ಎಂದು ಕೂಗಿದಳು ಸೈಟಕ್ಕ.

"ಯಾರದು, ಮಗಳಾ?" ಒಳಗಿನಿಂದ ತಾಯಿಯ ದನಿ, ಗದರುವಂತೆ. "ವರ್ಷಕ್ಕೊಂದು ಸಲ ಬರೋಳು, ನಾನು ಸ್ನಾನಕ್ಕೆ ಕೂತಾಗಲೇ ಬರಬೇಕಾ?"

"ಅಮ್ಮಾ, ಬಾಗಿಲಿಂದ ದೂರ ಸರಿದು ಮೂಲೆಗೆ ನಿಂತ್ಕೋ. ಹಿಂದಿನ ಗೋಡೆ ಹತ್ರ ಹೋಗ್ಬೇಡ."

ಬೀಗದವನು ಹಾರೆಯ ತುದಿಯನ್ನು ಸಂದಿಗೆ ತೂರಿಸಿ ಮೀಟಿದ. ಮರ ಕಿರುಗುಟ್ಟಿತು, ಜಗ್ಗಲಿಲ್ಲ. ಹೆಂಗಸರಿಬ್ಬರೂ ಅವನ ಜೊತೆ ಹಾರೆಗೆ ಜೋತುಬಿದ್ದರು. ಎಲ್ಲೋ ಗೋಡೆಯೊಳಗೆ ಕಲ್ಲು ಒಡೆದ ಸದ್ದು. ಸೈಟಕ್ಕನ ಅಂಗಾಲಿನಡಿ ನೆಲ ಕೂದಲೆಳೆಯಷ್ಟು ಜರುಗಿದ ಹಾಗಾಯಿತು. ಅತ್ತಿಗೆಯ ಮೊಣಕೈ ಅವಳ ಪಕ್ಕೆಗೆ ಚುಚ್ಚುತ್ತಿತ್ತು. "ಇನ್ನೊಂದ್ಸಲ" ಎಂದ ಬೀಗದವನು. ಬಾಗಿಲಿನ ಮೇಲರ್ಧ ಸೀಳಿ ಬಂತು.

ತಾಯಿ ಟವೆಲು ಸುತ್ತಿಕೊಂಡು, ಕೈಯಲ್ಲಿ ಚೊಂಬು ಹಿಡಿದು ನಿಂತಿದ್ದಳು. ಅವಳ ಹಿಂದೆ ಗೋಡೆಯ ಬಿರುಕಿನಿಂದ ಬಿಸಿಲು ಒಳಗೆ ಬರುತ್ತಿತ್ತು. ಅತ್ತಿಗೆ ಹಾಸಿಗೆಯ ಹೊದಿಕೆ ಎಳೆದು ತಂದು ಅತ್ತೆಗೆ ಹೊದಿಸಿದಳು. ಬೀಗದವನು ಮುದುಕಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಮೆಟ್ಟಿಲಿಳಿದ. "ಬಿಡಪ್ಪ, ನಡೀತೀನಿ" ಎನ್ನುತ್ತಿದ್ದ ಅವಳ ಮಾತು ಯಾರಿಗೂ ಬೇಕಿರಲಿಲ್ಲ. ಅತ್ತಿಗೆ ಗ್ಯಾಸ್ ಬಂದ್ ಮಾಡಲು ತಿರುಗಿದಳು. ಸೈಟಕ್ಕ ಬಾಗಿಲಲ್ಲೇ ನಿಂತು, "ಬನ್ನಿ ಅತ್ತಿಗೆ, ಬನ್ನಿ" ಎಂದು ಗೋಗರೆದಳು. ಅವಳು ಬರುವವರೆಗೂ ಮೆಟ್ಟಿಲಿಗೆ ಕಾಲಿಡಲಿಲ್ಲ.

ಅವರು ಎದುರು ರಸ್ತೆಗೆ ಬಂದು, ತಾಯಿಯನ್ನು ಬೆಂಚಿನ ಮೇಲೆ ಕೂರಿಸಿ ಉಸಿರು ಬಿಡುವಷ್ಟರಲ್ಲಿ ಹಲಗೆಗಳು ಗುಂಡಿಯ ಕಡೆಗೆ ಬಾಗಿದವು. ದೊಡ್ಡ ಸದ್ದೇನೂ ಇಲ್ಲ, ಆಳವಾದ ಒಂದು ನಿಟ್ಟುಸಿರಿನ ಹಾಗೆ. ಮನೆಯ ಹಿಂಗೋಡೆ ಮೊದಲು, ಅದರ ಬೆನ್ನಿಗೆ ಬಚ್ಚಲು, ಅಡುಗೆಮನೆಯ ಅರ್ಧ, ಎಲ್ಲವೂ ಜಾರಿ ಇಳಿದವು. ಧೂಳು ಮೇಲೆದ್ದು ಕಾಫಿ ಅಂಗಡಿಯ ಗಾಜಿನವರೆಗೂ ಬಂತು. ಧೂಳು ಇಳಿದಾಗ ಮನೆಯ ಮುಂಭಾಗ ಮಾತ್ರ, ಏನೂ ಆಗದಂತೆ, ಕಿಟಕಿಯ ಪರದೆ ಸಮೇತ ನಿಂತಿತ್ತು.

ಗಿರಾಕಿಯ ಕಾರು ಹೊರಟುಹೋಯಿತು. ಇಂಜಿನಿಯರು ಉಳಿದ. ಸಂಜೆಯವರೆಗೂ ಅಕ್ಕಪಕ್ಕದ ಮನೆಗಳವರನ್ನು ಹೊರಗೆ ಕಳಿಸುತ್ತಾ ಓಡಾಡಿದ.

ಅಂದೇ ತಾಯಿ, ಅತ್ತಿಗೆ ಇಬ್ಬರೂ ಸೈಟಕ್ಕನ ಎರಡು ಕೋಣೆಯ ಮನೆಗೆ ಬಂದರು. ಹೋಗಲು ಬೇರೆ ಜಾಗವಿರಲಿಲ್ಲ. ಅತ್ತಿಗೆ ಬೆಳಗಿನ ಕೆಲಸಗಳನ್ನು ಮಾಡಿಕೊಂಡು, ಮಧ್ಯಾಹ್ನ ಕಿಟಕಿ ಬಳಿ ಸುಮ್ಮನೆ ಕೂತಿರುತ್ತಿದ್ದಳು. "ನೀನು ಬರದೇ ಇದ್ದಿದ್ರೆ ಅತ್ತೆ ಉಳೀತಿರ್ಲಿಲ್ಲ" ಎಂದು ಒಮ್ಮೆ ಹೇಳಿದಳು. ಪಂಪು ನಿಲ್ಲಿಸಿದ್ದು ಯಾರೆಂದು ಅತ್ತಿಗೆಗೆ ಗೊತ್ತಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದ ಸೈಟಕ್ಕ, "ಚಹಾ ಮಾಡ್ಲಾ?" ಎಂದಳು.

ನಗರಸಭೆಯ ವಿಚಾರಣೆಗೆ ಕರೆ ಬಂತು. ಹಿಂದಿನ ದಿನ ಮಾಲೀಕ ಫೋನು ಮಾಡಿದ. ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಗಾಬರಿಯಲ್ಲಿ ಅವತ್ತೇನೋ ಅಂದಿರಿ, ಬಿಡಿ. ನಾಳೆ ಒಂದೇ ಮಾತು ಹೇಳಿ ಸಾಕು. ಕಾವಲುಗಾರ ಪಂಪು ಹಾಕೋದು ಮರೆತು ಮಲಗಿದ್ದ. ಅವನೂ ವಯಸ್ಸಾದೋನು, ಮರೆವು ಸಹಜ. ನಿಮ್ಮ ಕೆಲಸಾನೂ ಉಳಿಯುತ್ತೆ, ನನ್ನ ಮಾನಾನೂ ಉಳಿಯುತ್ತೆ."

"ಅವರು ಹೋಗ್ತಾರೆ ಜೈಲಿಗೆ."

"ಅಯ್ಯೋ, ನಾವು ನೋಡ್ಕೊಳ್ತೀವಲ್ಲ!"

ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಅತ್ತಿಗೆ. "ಯಾರು ಜೈಲಿಗೆ ಹೋಗ್ತಾರೆ?"

ಕಲ್ಲನ್ನೂ ಕರಗಿಸುವ ಮಾತುಗಾತಿಗೆ ಅಂದು ನಾಲ್ಕು ಮಾತು ಜೋಡಿಸಲು ಬರಲಿಲ್ಲ. ತಡವರಿಸುತ್ತಲೇ ಹೇಳಿದಳು: ಪಂಪು ನಿಲ್ಲಿಸಿದ್ದು ತಾನು, ನೀರು ಕಂಡೂ ಸುಮ್ಮನಿದ್ದದ್ದು ತಾನು. ಅತ್ತಿಗೆ ಕೇಳುತ್ತಾ ಕೇಳುತ್ತಾ ಗೋಡೆಗೊರಗಿದಳು. ಬೈಯಲಿಲ್ಲ. ಬೈದಿದ್ದರೆ ಸೈಟಕ್ಕ ಬದುಕಿಕೊಳ್ಳುತ್ತಿದ್ದಳು. ಅತ್ತಿಗೆ ಸೀದಾ ಹೋಗಿ ಅತ್ತೆಯ ಕೋಣೆಯ ಬಾಗಿಲು ಹಾಕಿಕೊಂಡಳು. ಊಟಕ್ಕೂ ಹೊರಗೆ ಬರಲಿಲ್ಲ.

ಬೆಳಿಗ್ಗೆ ಸೈಟಕ್ಕ ಹೊರಟು ನಿಂತಾಗ ಅತ್ತಿಗೆಯೂ ಸಿದ್ಧಳಾಗಿ ಕೂತಿದ್ದಳು.

"ನೀವ್ಯಾಕೆ ಅತ್ತಿಗೆ?"

"ನೀನು ಅಲ್ಲಿ ಏನು ಹೇಳ್ತೀಯೋ ಅದನ್ನ ನಾನು ಕಿವಿಯಾರೆ ಕೇಳಬೇಕು."

ವಿಚಾರಣೆಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಒಂದು ಕಡೆ ಮಾಲೀಕ ಮತ್ತು ಅವನ ವಕೀಲ. ಇನ್ನೊಂದು ಕಡೆ, ಕುರ್ಚಿಯ ತುದಿಯಲ್ಲಿ, ಕೈ ಕಟ್ಟಿಕೊಂಡ ಕಾವಲುಗಾರ. ಅವನು ಸೈಟಕ್ಕನನ್ನು ನೋಡಿದ, ಕಣ್ಣು ಕೆಳಗಿಳಿಸಿದ. ಅವಳು ಏನು ಹೇಳುತ್ತಾಳೆ ಎಂಬುದು ಅವನಿಗೆ ಗೊತ್ತೇ ಇದ್ದಂತಿತ್ತು. ಅಧಿಕಾರಿ, "ಪಂಪು ನಿಲ್ಲಿಸಿದ್ದು ಯಾರು?" ಎಂದ.

ಮಾಲೀಕ ಗಂಟಲು ಸರಿಮಾಡಿಕೊಂಡ. ಸೈಟಕ್ಕನಿಗೆ ಹಿಂದಿನ ಸಾಲಿನಲ್ಲಿ ಅತ್ತಿಗೆ ಕೂತಿದ್ದಾಳೆಂದು ತಿರುಗದೆಯೂ ತಿಳಿಯುತ್ತಿತ್ತು.

"ನಾನು ನಿಲ್ಲಿಸೋಕೆ ಹೇಳಿದ್ದು" ಎಂದಳು. "ಇವರು ಬೇಡ ಅಂದ್ರು, ನಾನೇ ಜೋರು ಮಾಡ್ದೆ. ನಿಲ್ಲಿಸಿದ್ದು ಮಾಲೀಕರಿಗೂ ಗೊತ್ತಿತ್ತು, ಬೆಳಗಿನಿಂದ ಅಲ್ಲೇ ಕೂತಿದ್ರು."

ವಕೀಲ ಎದ್ದು ಏನೇನೋ ಕೂಗಾಡಿದ. ಅಧಿಕಾರಿ ಬರೆದುಕೊಳ್ಳುತ್ತಲೇ ಇದ್ದ. ಕಾವಲುಗಾರ ಕಟ್ಟಿದ ಕೈ ಬಿಚ್ಚಿ ಮುಖ ಒರೆಸಿಕೊಂಡ.

ಅವನನ್ನು ಅಂದೇ ಬಿಟ್ಟುಕಳಿಸಿದರು. ಮಾಲೀಕನ ಮೇಲೂ ಸೈಟಕ್ಕನ ಮೇಲೂ ಮೊಕದ್ದಮೆ ಹೂಡುವುದೆಂದಾಯಿತು. ನಿವೇಶನ ಮಾರುವ ಕೆಲಸಕ್ಕೆ ಅವಳು ಮತ್ತೆ ಕಾಲಿಡುವ ಹಾಗಿರಲಿಲ್ಲ. ಹೊರಗೆ ಬಂದಾಗ ಅತ್ತಿಗೆ ಮೆಟ್ಟಿಲಿನ ಬಳಿ ಕಾಯುತ್ತಿದ್ದಳು.

"ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ" ಎಂದಳು.

"ಗೊತ್ತು ಅತ್ತಿಗೆ."

"ಯಾವಾಗ ಇಳಿಯುತ್ತೋ ಅದೂ ಗೊತ್ತಿಲ್ಲ. ಇಳಿಯದೇನೂ ಇರಬಹುದು."

"ಅಲ್ಲೀವರೆಗೂ ನಮ್ಮನೇಲೇ ಇರಿ."

"ಇರದೆ ಇನ್ನೆಲ್ಲಿಗೆ ಹೋಗ್ಲಿ? ಬೀಳಿಸಿದೋಳು ನೀನು, ಇಟ್ಕೊಳ್ಳೋಳೂ ನೀನೇ." ಅತ್ತಿಗೆ ರಸ್ತೆಯ ಎರಡೂ ಕಡೆ ನೋಡಿದಳು. "ನಡಿ, ಅಂಗಡಿ ಕಡೆ ಹೋಗೋಣ. ಅತ್ತೆ ಬರಿಗಾಲಲ್ಲಿ ಓಡಾಡ್ತಿದ್ದಾರೆ, ಒಂದು ಜೊತೆ ಚಪ್ಪಲಿ ತಗೋಬೇಕು."