ಅಜ್ಜಿಯ ಹೆಸರಿನ ಹುಡುಗಿ

ದೋಣಿಗಟ್ಟೆಯಲ್ಲಿ, ಡಾರ್ವಿನ್ ಪಟ್ಟಣದಿಂದ ಬಂದ ಪ್ರವಾಸಿ ಹೆಂಗಸೊಬ್ಬಳು ಬಗ್ಗಿ, "ನಿನ್ನ ಹೆಸರೇನು ಪುಟ್ಟೀ?" ಎಂದು ಕೇಳಿದಳು. ಆರು ವರ್ಷದ ಹುಡುಗಿ ಥಟ್ಟನೆ ಹೇಳಿದಳು: "ನಂಗೆ ಹೆಸರಿಲ್ಲ."

ತಾಯಿ ನೊರೀನ್ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಹೆಸರಿಲ್ಲದೆ ಏನು! ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ಆದರೆ ಎರಡು ಮಳೆಗಾಲದ ಹಿಂದೆ ಅಜ್ಜಿ ತೀರಿಕೊಂಡಳು. ಇಲ್ಲಿನ ಮೂಲನಿವಾಸಿಗಳ ನಂಬಿಕೆಯಲ್ಲಿ, ಸತ್ತವರ ಹೆಸರೆತ್ತಿದರೆ ಅವರ ಜೀವ ಹೊರಡಲಾರದೆ ಇಲ್ಲೇ ಸುತ್ತುತ್ತದೆ. ಅದೇ ಹೆಸರಿನವರು ಬದುಕಿದ್ದರೂ ಹಾಗೆ ಕರೆಯುವಂತಿಲ್ಲ. ಅಂದಿನಿಂದ ಮಗು ಎಲ್ಲರ ಬಾಯಲ್ಲೂ 'ಹೆಸರಿಲ್ಲದೋಳು'. ಕಥೆ ಹೇಳುವ ನನಗೂ ಆ ಹೆಸರೆತ್ತಲು ಇನ್ನೂ ಅಪ್ಪಣೆಯಿಲ್ಲ, ಸ್ವಲ್ಪ ತಾಳಿ.

ಅಪ್ಪಣೆ ಕೊಡಬೇಕಾದವನು ಸತ್ತವಳ ಅಣ್ಣ ಹೆಕ್ಟರ್. ಅವನೋ, ಆ ಮಾತು ಬಂದರೆ ಬಾಯಿಗೆ ಬೀಗ. ತಂಗಿ ಹೋದಂದಿನಿಂದ ಅವರ ಮನೆತನದ ಚಿತ್ರಗಳಿದ್ದ ಬಂಡೆಯ ಹತ್ತಿರ ಯಾರೂ ಸುಳಿದಿರಲಿಲ್ಲ. ಇವತ್ತು ಹೊಗೆ ಹಾಕಿ, ಜನ ಹೋಗಿಬರಲು ಅದನ್ನು ಮತ್ತೆ ತೆರೆಯಲು ಹೊರಟಿದ್ದ.

ಮೂವರನ್ನೂ ಹೊತ್ತ ದೋಣಿ ನೈದಿಲೆಗಳನ್ನು ಸೀಳಿಕೊಂಡು ಸಾಗಿತು. ದಡದಲ್ಲಿ ಮೊಸಳೆಯೊಂದು ಬಾಯ್ತೆರೆದು ಬಿದ್ದಿತ್ತು.

"ಮಾವ," ಎಂದಳು ನೊರೀನ್, "ಸ್ಕೂಲಲ್ಲೂ ಹಾಗೇ ಅಂತಾಳಂತೆ. ತನ್ನ ಹೆಸರೇ ಮರೀತಿದಾಳೆ."

"ನಂಗೊತ್ತಿಲ್ವೇನೇ? ಸುಮ್ನೆ ಕೂತ್ಕೋ. ಆ ಮೊಸಳೆಗೂ ನಿನ್ನಷ್ಟು ಬಾಯಿಲ್ಲ."

"ಎಷ್ಟು ದಿನ ಸುಮ್ನಿರ್ಲಿ? ನೀನು ಹೇಳೋವರೆಗೂ ನಾವ್ಯಾರೂ ಹೇಳೋ ಹಾಗಿಲ್ವಲ್ಲ!"

ಮುದುಕ ದೋಣಿ ನಡೆಸುತ್ತಿದ್ದ ಹೆಂಗಸಿಗೆ ಬಂಡೆಯ ಕಡೆ ಕೈ ತೋರಿಸಿದ.

ಬಂಡೆಯ ಬುಡದಲ್ಲಿ ಹಸಿ ಸೊಪ್ಪಿನ ಹೊಗೆ ಹಾಕಿದರು. ಮಗುವನ್ನು ದೋಣಿ ನಡೆಸುವ ಹೆಂಗಸಿನ ಬಳಿ ಬಿಟ್ಟು ಇಬ್ಬರೂ ಮೇಲೆ ಹತ್ತಿದರು. ಹೆಕ್ಟರನ ಅಪ್ಪ ಕೆಂಪು ಮಣ್ಣಿನಲ್ಲಿ ಬರೆದ ಮೀನು ಅಲ್ಲೇ ಇತ್ತು, ಎಲುಬು ಸಮೇತ. ಪಕ್ಕದಲ್ಲಿ ಒಂದು ಪುಟ್ಟ ಕೈ. ತಂಗಿ ಚಿಕ್ಕವಳಿದ್ದಾಗ ಅಂಗೈ ಒತ್ತಿ ಹಿಡಿದಿದ್ದಳು, ಅಪ್ಪ ಸುತ್ತಲೂ ಬಾಯಿಂದ ಬಿಳಿ ಮಣ್ಣು ಊದಿದ್ದ.

ಬಂದವರ ಹೆಸರು ಹಿಡಿದು, ಗತಿಸಿದ ಹಿರಿಯರಿಗೆ ಕೂಗಿ ಹೇಳುವುದು ರೂಢಿ; ಮಗುವಿನ ಹೆಸರನ್ನೂ ಹೇಳಬೇಕು. ಹೆಕ್ಟರ್ ಬಂಡೆಗೆ ಬೆನ್ನು ತಿರುಗಿಸಿದ.

"ಆಗಲ್ಲ ಕಣೇ. ಹೆಸರು ಬಿಟ್ಟುಕೊಟ್ರೆ ಅವಳು ನಿಜವಾಗ್ಲೂ ಹೋದ ಹಾಗೆ."

"ನಮ್ಮಮ್ಮ ಹೋಗಿಯಾಯ್ತು ಮಾವ," ಎಂದಳು ನೊರೀನ್, ಕಣ್ಣೊರೆಸಿಕೊಳ್ಳುತ್ತ. "ಇವಳು ಇದಾಳಲ್ಲ."

ಮುದುಕ ಆ ಪುಟ್ಟ ಕೈಯ ಕಡೆಗೆ ತಿರುಗಿದ. ಆಮೇಲೆ ತಂಗಿಯನ್ನೇ ಕರೆಯುವವನಂತೆ, ಎದೆ ಬಿರಿಯುವ ಹಾಗೆ ಕೂಗಿದ.

"ಡಲ್ಸೀ!"

ಕೆಳಗೆ, ಹೊಗೆಯೊಳಗಿಂದ ಉತ್ತರ ಬಂತು.

"ಓ! ಬಂದೆ ತಾತಾ!"

ಹೆಕ್ಟರ್ ಕಲ್ಲಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ಮಗು ಏದುಸಿರು ಬಿಡುತ್ತ ಹತ್ತಿ ಬಂದು ಅವನ ಮುಂದೆ ನಿಂತಾಗ ಮುಖ ಒರೆಸಿಕೊಂಡ.

"ಬಾರೇ ಡಲ್ಸಿ," ಎಂದ. "ನಿಮ್ಮಜ್ಜಿ ಕೈ ತೋರಿಸ್ತೀನಿ."