ಹಡಗಿಗೆ ಮುಂಚೆ ಮುಡಿ

ಬಸ್ಸಿನಿಂದ ಇಳಿದ ಅತ್ತೆಯ ಕಂಕುಳಲ್ಲಿದ್ದ ಬೋಳುತಲೆಯ ಮಗು ತನ್ನದೇ ಎಂದು ತಿಳಿಯಲು ವೆಂಕಟಲಕ್ಷ್ಮಮ್ಮನಿಗೆ ಒಂದು ಗಳಿಗೆ ಹಿಡಿಯಿತು. ಬೆಳಿಗ್ಗೆ ಅವಳು ಕಾಲರಾ ಸೂಜಿ ಚುಚ್ಚಿಸಿಕೊಳ್ಳಲು ಪೇಟೆಗೆ ಹೋಗಿದ್ದಳು. ಅದಿಲ್ಲದೆ ಹಡಗು ಹತ್ತಿಸುವುದಿಲ್ಲವಂತೆ. ತೋಳು ಊದಿ, ಮೈ ಬಿಸಿಯೇರಿ ಅತ್ತಿಗುಪ್ಪೆಗೆ ಮರಳಿದರೆ ಮನೆಗೆ ಬೀಗ. ಮಧ್ಯಾಹ್ನವೆಲ್ಲ ಜಗುಲಿಯ ಮೇಲೆ ಕೂತು ಸಾಕಾಗಿ, ಹೊಲದ ಬದುವಿನ ಮೇಲೇ ಮಾಗಡಿ ರಸ್ತೆಯವರೆಗೂ ನಡೆದು ಬಂದು ಬೇವಿನ ಮರದ ಕೆಳಗೆ ನಿಂತಿದ್ದಳು.

"ಯಾಕಮ್ಮಿ ಇಲ್ಲಿ ನಿಂತಿದ್ದೀಯ? ಮುಖ ನೋಡಿದ್ರೆ ಜ್ವರ ಬಂದಂಗೈತೆ" ಅಂದಳು ಅಕ್ಕಯ್ಯಮ್ಮ.

"ಅತ್ತೆ, ಮಗೀನ ತಲೆ..."

"ಮಾಗಡಿ ರಂಗಪ್ಪನಿಗೆ ಒಪ್ಪಿಸ್ಬುಟ್ಟು ಬಂದೆ. ನೀರಿನ ಮ್ಯಾಲೆ ಅಷ್ಟು ದೂರ ಹೋಗೋ ಮಗ, ಹರಕೆ ಉಳಿಸ್ಕಂಡು ಹೋಗ್ಬಾರ್ದು."

"ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಅವರಪ್ಪ ಬರ್ಲಿ ಅಂತಿದ್ದೆ. ಮಗ ಹುಟ್ಟಿದಾಗಿಂದ ಅದ್ನೇ ಅಂತಿದ್ದೀಯ."

ಅದು ಸುಳ್ಳಲ್ಲ. ಅಕ್ಕಯ್ಯಮ್ಮನ ಮಗ ಚನ್ನಕೇಶವ ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳ ರಿಪೇರಿ ಕಲಿತವನು. ಆಮೇಲೆ ಯಾರೋ ಗೆಳೆಯರ ಜೊತೆ ಸಿಂಗಪುರಕ್ಕೆ ಹೋಗಿ ಅಲ್ಲಿಯ ಬಸ್ಸುಗಳ ಶೆಡ್ಡಿನಲ್ಲಿ ಫಿಟ್ಟರ್ ಆದ. ಹೋಗುವಾಗ ಮಗ ರಂಗ ಇನ್ನೂ ಹೊಟ್ಟೆಯಲ್ಲಿದ್ದ. ಮಗನ ಮೊದಲ ಮುಡಿ ತೆಗೆಯುವಾಗ ತಾನು ಎದುರಿಗಿರಬೇಕು ಎಂದು ಕಾಗದದಲ್ಲಿ ಬರೆಯುತ್ತಿದ್ದ. ಮುಂದಿನ ವರ್ಷ ಬರುತ್ತೇನೆ ಎಂದೂ ಬರೆಯುತ್ತಿದ್ದ. ಹೀಗೆ ರಂಗನ ಕೂದಲು ಹೆಗಲು ದಾಟಿತು. ಅವನು ಬರಲಾರ, ಹೆಂಡತಿ ಮಗುವೇ ಅಲ್ಲಿಗೆ ಹೋಗುವುದು ಎಂದು ತೀರ್ಮಾನವಾದಾಗ, ಮುಡಿ ಕೊಡುವ ಮೊದಲು ಎಲ್ಲರ ಮನೆಯಲ್ಲೂ ಮಾಡುವಂತೆ ಇವರೂ ಮಾಡಿದರು. ಪಕ್ಕದ ಮನೆಯ ಹುಡುಗಿಯ ಲಂಗ ತೊಡಿಸಿ, ಮೊಗ್ಗಿನ ಜಡೆ ಹೆಣೆದು, ಬಳೆ ಹಾಕಿ, ತಾಯಿಯ ತೊಡೆಯ ಮೇಲೆ ಕೂರಿಸಿ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದರು. ಪಾಸ್‌ಪೋರ್ಟಿಗೆ ತಾಯಿ ಮಗುವಿನ ಫೋಟೋ ಬೇಕೆಂದಾಗ ಅದೇ ಫೋಟೋದ ಇನ್ನೊಂದು ಪ್ರತಿ ಹಾಕಿಸಿ ಕೊಟ್ಟರು. ಚೆಂದಾಗಿ ಬಂದಿದೆ, ಇನ್ನೊಂದು ಯಾಕೆ ಅಂದುಕೊಂಡರು. ತೆಗೆದುಕೊಂಡ ಕಚೇರಿಯವರೂ ಏನೂ ಕೇಳಲಿಲ್ಲ.

ಸಂಜೆ ರೈಲಿನ ಟಿಕೆಟ್ಟು ಹಿಡಿದುಕೊಂಡು ವೆಂಕಟರಮಣಪ್ಪ ಬಂದರು. ಅಂಚೆ ಇಲಾಖೆಯಿಂದ ನಿವೃತ್ತರಾಗಿ ರಾಜಾಜಿನಗರದ ಹೊಸ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದ ದೂರದ ನೆಂಟರು. ಈ ಪ್ರಯಾಣದ ಓಡಾಟವೆಲ್ಲ ಅವರದೇ. ಕಾಫಿ ಲೋಟ ಬಾಯಿಗೆ ಇಡುವಷ್ಟರಲ್ಲಿ ರಂಗ ಒಳಗಿನಿಂದ ಓಡಿ ಬಂದ. ಲೋಟ ಹಾಗೇ ನಿಂತಿತು.

"ಇದ್ಯಾವಾಗ ಆಯ್ತು?"

"ಇವತ್ತೇ ಕಣಪ್ಪ. ಒಳ್ಳೆ ದಿನ ಇತ್ತು" ಅಂದಳು ಅಕ್ಕಯ್ಯಮ್ಮ.

ಅವರು ಪಾಸ್‌ಪೋರ್ಟು ತರಿಸಿ, ಬಿಡಿಸಿ, ಮಗುವಿನ ಮುಖದ ಪಕ್ಕಕ್ಕೆ ಹಿಡಿದರು. "ನೋಡಮ್ಮ ಲಕ್ಷ್ಮೀ. ಇದರಲ್ಲಿರೋಳು ಜಡೆ ಹಾಕಿದ ಹುಡುಗಿ. ನಿನ್ನ ಹತ್ರ ಇರೋನು ಬೋಳುಮಂಡೆ ಸನ್ಯಾಸಿ. ಗಂಡ ಜೊತೇಲಿಲ್ಲ, ಒಬ್ಬಳೇ ಹೆಂಗಸು. ಯಾರ ಮಗೂನ ಎತ್ಕೊಂಡು ಹೊರಟಿದ್ದೀಯ ಅಂತ ಮದ್ರಾಸ್ ಬಂದರಿನಲ್ಲಿ ತಡೆದ್ರೆ ಏನು ಹೇಳ್ತೀಯ?"

"ಅವಳ ಮಗ ಅಲ್ದೆ ಇನ್ಯಾರ ಮಗ? ಮೂಗು ನೋಡಿದ್ರೆ ಗೊತ್ತಾಗಕಿಲ್ವಾ?"

"ಬಂದರಿನ ಸಾಹೇಬ್ರಿಗೆ ನಿಮ್ಮ ಮನೆ ಮೂಗಿನ ಪರಿಚಯ ಇಲ್ಲ ಅಕ್ಕಯ್ಯಮ್ಮ."

ವೆಂಕಟಲಕ್ಷ್ಮಮ್ಮ ಗೋಡೆಗೆ ಒರಗಿ ಕೂತಳು. ನಾಳೆ ರಾತ್ರಿ ರೈಲು. ಈ ಹಡಗು ತಪ್ಪಿದರೆ ಸಿಂಗಪುರದವರು ಕೊಟ್ಟ ಅಪ್ಪಣೆಯ ವಾಯಿದೆ ಮುಗಿಯುತ್ತದೆ. ಮತ್ತೆ ಕೇಳಿದರೆ ಕೊಡುತ್ತಾರೆಂದು ಹೇಳುವಂತಿಲ್ಲ, ಅಲ್ಲಿ ಕಾನೂನು ಬಿಗಿಯಾಗುತ್ತಿದೆ ಎಂದು ಗಂಡನೇ ಬರೆದಿದ್ದ.

"ಬೆಳಿಗ್ಗೆ ಹೊಸ ಫೋಟೋ ತೆಗೆಸಿಕೊಂಡು ಪಾಸ್‌ಪೋರ್ಟ್ ಕಚೇರಿಗೆ ಹೋಗೋಣ" ಅಂದರು ವೆಂಕಟರಮಣಪ್ಪ. "ನನ್ನ ಮಾತು ನಡೆಯಲ್ಲ. ಮಗುವಿನ ತಂದೆ ಕಡೆಯೋರು ಯಾರಾದ್ರೂ ಬಂದು ಸಾಹೇಬ್ರ ಎದುರಿಗೆ ಹೇಳ್ಬೇಕಾಗುತ್ತೆ. ಅಂದ್ರೆ ನೀವೇ, ಅಕ್ಕಯ್ಯಮ್ಮ."

ಅಕ್ಕಯ್ಯಮ್ಮ ಮೊಮ್ಮಗನ ತಲೆಯ ಮೇಲಿನ ಒಣಗಿದ ಗಂಧವನ್ನು ಸೆರಗಿನಿಂದ ಒರೆಸುತ್ತ, "ಈ ಹಡಗು ಹೋದ್ರೆ ಇನ್ನೊಂದು ಬತ್ತದೆ ಬುಡಪ್ಪ" ಅಂದಳು.

ಮುಡಿ ತೆಗೆಸಿದರೆ ಹಡಗು ತಪ್ಪಬಹುದೆಂದು ಅತ್ತೆಗೆ ಮೊದಲೇ ಹೊಳೆದಿತ್ತೇ ಎಂದು ವೆಂಕಟಲಕ್ಷ್ಮಮ್ಮ ಕೇಳಲಿಲ್ಲ. ಕೇಳಿದರೆ ಜಗಳವಾಗುತ್ತದೆ. ಜಗಳಕ್ಕೂ ಮೈಯಲ್ಲಿ ಬಲ ಬೇಕು. ಎದ್ದು, ಊದಿದ ತೋಳನ್ನು ಮೈಗೆ ಒತ್ತಿಕೊಂಡು, ಒಂದೇ ಕೈಯಲ್ಲಿ ಒಲೆಗೆ ಸೌದೆ ತುರುಕಿದಳು. ಮುದ್ದೆ ತಿರುವಲು ಆಗದೆ ಕೋಲು ಹಿಡಿದು ನಿಂತಾಗ ಅತ್ತೆ ಬಂದು ಕೋಲು ಕಿತ್ತುಕೊಂಡಳು.

ಮರುದಿನ ಕಚೇರಿಯಲ್ಲಿ ಇವರ ಸರದಿ ಬರುವ ಹೊತ್ತಿಗೆ ಮಗು ಹಸಿದು, ಅತ್ತು, ಬೆಂಚಿನ ಕೆಳಗೆಲ್ಲ ತೆವಳಿ ಆಗಿತ್ತು. ಸ್ಟುಡಿಯೋದವನನ್ನು ಕಾಡಿ ಬೇಡಿ ತಂದ ಫೋಟೋ ಇನ್ನೂ ತೇವವಾಗಿತ್ತು. ಅಧಿಕಾರಿ ಹಳೆಯದನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟುಕೊಂಡು ನೋಡಿದರು. ವೆಂಕಟರಮಣಪ್ಪ ಮುಡಿಯ ವಿಚಾರ ವಿವರಿಸಿದರು.

"ನಮ್ಮ ಮನೇಲೂ ಲಂಗ ಹಾಕಿ ತೆಗೆಸಿದ್ರು. ಆದ್ರೆ ಅದನ್ನ ಪಾಸ್‌ಪೋರ್ಟಿಗೆ ಅಂಟಿಸಲಿಲ್ಲ" ಅಂದರು ಅಧಿಕಾರಿ. ನಗಲಿಲ್ಲ. "ಅಜ್ಜೀ, ಬನ್ನಿ ಮುಂದಕ್ಕೆ. ಈ ಮಗು ಯಾರು?"

ಅಕ್ಕಯ್ಯಮ್ಮ ಮೇಜಿನ ಮುಂದೆ ನಿಂತಳು. ಅಲ್ಲಿದ್ದ ಜಡೆಯ ಫೋಟೋ ನೋಡಿದಳು.

"ಮಗುವಿನ ತಂದೆ ಇಲ್ಲಿಲ್ಲ. ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಒಪ್ಪಿ ಕಳಿಸ್ತಿದ್ದೀರಾ? ಬಲವಂತ ಇದ್ರೆ ಈಗ್ಲೇ ಹೇಳಿ."

"ಒಪ್ಪಿಲ್ಲ ಅಂದ್ರೆ ಮಗ ನನ್ನ ತಾವೇ ಇರ್ತದಾ ಸೋಮಿ?"

ವೆಂಕಟರಮಣಪ್ಪ, "ಅಕ್ಕಯ್ಯಮ್ಮಾ!" ಅಂದರು.

"ನೀವು ಸುಮ್ನಿರಿ" ಅಂದರು ಅಧಿಕಾರಿ. "ಇರುತ್ತೆ ಅಜ್ಜಿ. ವಿಚಾರಣೆ ಆಗೋವರೆಗೂ ಇಬ್ಬರೂ ಹೋಗೋ ಹಾಗಿಲ್ಲ."

ವೆಂಕಟಲಕ್ಷ್ಮಮ್ಮ ಅತ್ತೆಯ ಕಡೆ ನೋಡಲಿಲ್ಲ. ಬೇಡಿಕೊಳ್ಳಬೇಕು ಅನ್ನಿಸಿತು. ಜ್ವರ ಇನ್ನೂ ಇಳಿದಿರಲಿಲ್ಲ; ಮೇಜಿನ ಅಂಚು ಹಿಡಿದುಕೊಳ್ಳಲು ಹೋಗಿ ಸಿಕ್ಕದೆ, ನೆಲದ ಮೇಲೆ ಕುಸಿದು ಕೂತಳು. ರಂಗ ಅದು ಆಟವೆಂದುಕೊಂಡು ತಾಯಿಯ ಪಕ್ಕದಲ್ಲಿ ತಾನೂ ದೊಪ್ಪನೆ ಕೂತು, ಅಜ್ಜಿಯ ಸೀರೆ ಜಗ್ಗಿ, "ನೀನೂ ಕೂತ್ಕೋ" ಅಂದ.

ಅಕ್ಕಯ್ಯಮ್ಮ ಬಗ್ಗಿ ಸೊಸೆಯ ಹಣೆ ಮುಟ್ಟಿದಳು. ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಮೊಮ್ಮಗನನ್ನು ಎತ್ತಿ ಮೇಜಿನ ಮೇಲೆ, ಕಾಗದಗಳ ನಡುವೆಯೇ, ಬೆನ್ನು ಮಾಡಿ ಕೂರಿಸಿದಳು.

"ನೋಡು ಸೋಮಿ, ನೆತ್ತಿ ಹಿಂದೆ. ಎಲ್ಡು ಸುಳಿ ಐತೆ. ಜಡೆ ಇದ್ದಾಗ ಯಾರಿಗೂ ಕಂಡಿರ್ನಿಲ್ಲ. ನೆನ್ನೆ ಕತ್ತಿ ಹಿಡಿದೋನು ತೋರಿಸ್ದ. ನನ್ನ ಮಗಂಗೂ ಇಂಗೇ, ಇದೇ ಜಾಗದಾಗೆ ಎಲ್ಡು. ಚಿಕ್ಕೋನಿದ್ದಾಗ ಎಣ್ಣೆ ಹಚ್ಚಿ ಹಚ್ಚಿ ನನ್ನ ಬೆರಳಿಗೇ ಗೊತ್ತು." ಅವಳ ಹೆಬ್ಬೆರಳು ಆ ಸುಳಿಗಳ ಮೇಲೆ ಒಂದು ಸುತ್ತು ಹೋಯಿತು. "ಬರ್ಕೋ. ಚನ್ನಕೇಶವನ ಮಗ. ಕೆಂಪಯ್ಯನ ಮೊಮ್ಮಗ. ಹೆತ್ತೋಳು ಇವಳೇ. ಹೋಗ್ಲಿ, ಅವನಪ್ಪ ನೋಡ್ಲಿ."

ಅಧಿಕಾರಿ ಕನ್ನಡಕ ತೆಗೆದು, ಬಗ್ಗಿ, ನಿಜವಾಗಿಯೂ ನೋಡಿದರು. "ಎರಡು ಸುಳಿ ಅಂದ್ರೆ ಎರಡು ಮದುವೆ ಅಂತಾರಲ್ಲ ಅಜ್ಜಿ."

"ಒಂದನ್ನ ಮಾಡ್ಕಂಡೇ ನನ್ನ ಮಗ ಸಮುದ್ರದಾಚೆ ಹೋಗಿ ಕುಂತವ್ನೆ. ಎಲ್ಡು ಬೇರೆ ಕೇಡು."

ಈಗ ಅಧಿಕಾರಿ ನಕ್ಕರು. ಜವಾನ ವೆಂಕಟಲಕ್ಷ್ಮಮ್ಮನಿಗೆ ನೀರು ತಂದುಕೊಟ್ಟ. ಹೇಳಿಕೆ ಬರೆದಾಯಿತು, ಓದಿ ಹೇಳಿದ್ದಾಯಿತು. ಗುಮಾಸ್ತ ಶಾಯಿಯ ಡಬ್ಬಿ ಮುಂದಿಟ್ಟು ಅಕ್ಕಯ್ಯಮ್ಮನ ಹೆಬ್ಬೆರಳು ಹಿಡಿದು ಒತ್ತಿದ. ಹೊಸ ಫೋಟೋದ ಮೂಲೆಯ ಮೇಲೆ ಮೊಹರು ಬಿತ್ತು.

ಸಂಜೆ ಗಾಡಿ ತರುತ್ತೇನೆಂದು ಹೇಳಿ ವೆಂಕಟರಮಣಪ್ಪ ತಮ್ಮ ಮನೆಗೆ ಹೋದರು. ಬಸ್ಸಿನಿಂದ ಇಳಿದು ಅತ್ತಿಗುಪ್ಪೆಯ ಕಡೆ ತಿರುಗುವಾಗ ರಂಗ ನಿದ್ದೆ ಹೋಗಿದ್ದ.

"ಕೊಡಿ ಅತ್ತೆ, ಎತ್ಕೋತೀನಿ. ರಾತ್ರಿಯಿಂದ ಹೆಂಗೂ ನಾನೇ ಎತ್ಕೋಬೇಕು."

"ಅದ್ಕೇ ಈಗ ಬ್ಯಾಡ. ನಡಿ."

ಅಕ್ಕಯ್ಯಮ್ಮ ಮುಂದೆ ನಡೆದಳು. ಮಗುವಿನ ತಲೆ ಅವಳ ಭುಜದ ಮೇಲೆ ಆಡುತ್ತಿತ್ತು. ಎಡಗೈಯೊಂದರಲ್ಲೇ ಅವನನ್ನು ಅವುಚಿಕೊಂಡು, ಶಾಯಿ ಹತ್ತಿದ ಇನ್ನೊಂದು ಹೆಬ್ಬೆರಳು ಅವನಿಗೆ ತಾಕದ ಹಾಗೆ, ಆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಹೋಗುತ್ತಿದ್ದಳು.