ಹತ್ತೊಂಬತ್ತನೆಯ ಸಾಲಿನ ಉಲ್ಟಾ

ಅತ್ತಿಗೆ ಹೆಣಿಗೆಯಲ್ಲಿ ತಪ್ಪು ಮಾಡುವುದಿಲ್ಲ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವರಿಗೆ ಅತ್ತಿಗೆಯೇ ಹೇಳುತ್ತಿದ್ದರು. ಶನಿವಾರ ಸಂಜೆ ನಾಲ್ಕಕ್ಕೆ ಅವರ ಮುಂದಿನ ಕೋಣೆಯಲ್ಲಿ ಏಳು ಮಂದಿ ಹೆಂಗಸರು ಕಡ್ಡಿ, ಉಲ್ಲನ್ ಉಂಡೆ ಹಿಡಿದು ಕಲಿಯಲು ಕೂರುತ್ತಿದ್ದರು. ವಿನ್ಯಾಸವನ್ನು ಅತ್ತಿಗೆ ಗ್ರಾಫ್ ಹಾಳೆಯ ಮೇಲೆ ಶಾಯಿಯಲ್ಲಿ ಬರೆಯುವರು. ಖಾಲಿ ಚೌಕವೆಂದರೆ ಸೀದಾ, ನುಣುಪಾಗಿ ಬರುತ್ತದೆ. ಚುಕ್ಕಿ ಇದ್ದರೆ ಉಲ್ಟಾ, ಸಣ್ಣ ಗಂಟಿನ ಹಾಗೆ ಉಬ್ಬುತ್ತದೆ. ಆ ಹಾಳೆಯನ್ನು ಸ್ಕ್ಯಾನ್ ಮಾಡಿ ಏಳು ಪ್ರತಿ ತೆಗೆಯುವುದು ನಾದಿನಿಯ ಕೆಲಸ. ಕಚೇರಿಯವರು ಹಳೆಯದೆಂದು ಹೊರಹಾಕಿದ ಸ್ಕ್ಯಾನರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವಳು ಅವಳೇ.

ಮೂರು ತಿಂಗಳ ಹಿಂದೆ ಹಲ್ಲಿನ ಡಾಕ್ಟರು ಒಂದು ಪ್ರಶ್ನೆ ಕೇಳಿದ್ದರು. ಏಳು ಮಂದಿಯಲ್ಲಿ ಎಲ್ಲರಿಗಿಂತ ನಿಷ್ಠೆಯವರು ಅವರು. ದಿನವಿಡೀ ಸಣ್ಣ ತೂತು ಹುಡುಕುವುದೇ ಕಸುಬಾದ್ದರಿಂದ ಅವರ ಕಣ್ಣು ತಪ್ಪಿಸಿ ಏನೂ ಹೋಗದು. ಹತ್ತೊಂಬತ್ತನೆಯ ಸಾಲಿನಲ್ಲಿ, ಅಷ್ಟೊಂದು ಸೀದಾಗಳ ನಡುವೆ, ಒಂಟಿ ಉಲ್ಟಾ ಏಕೆ? ಹೋದ ವಿನ್ಯಾಸದಲ್ಲೂ ಅಲ್ಲೇ ಇತ್ತಲ್ಲ? ಅತ್ತಿಗೆ ಪ್ರತಿಯನ್ನು ನೋಡಿದರು. ಚುಕ್ಕಿ ಇತ್ತು. ಏಳು ಜೊತೆ ಕಣ್ಣುಗಳು ತಮ್ಮ ಮೇಲಿದ್ದುದೂ ಕಂಡಿತು.

“ಅದು ಬೇಕಂತಲೇ ಇಟ್ಟಿದ್ದು,” ಎಂದರು. “ತೋಳಿನ ಭಾರಕ್ಕೆ ಭುಜ ಜಗ್ಗಬಾರದು ಅಂತ.”

ಏಳೂ ಮಂದಿ ಬರೆದುಕೊಂಡರು.

ಅವರೆಲ್ಲ ಹೋದ ಮೇಲೆ ಅತ್ತಿಗೆ ತಮ್ಮ ಮೂಲ ಹಾಳೆ ತೆಗೆದು ನೋಡಿದರೆ ಅದರಲ್ಲಿ ಚುಕ್ಕಿಯೇ ಇರಲಿಲ್ಲ. ಯಂತ್ರದ ಕಿತಾಪತಿ ಎಂದು ಮುಂದಿನ ವಾರ ಹೇಳಿಬಿಡಬಹುದಿತ್ತು. ಆದರೆ ಮಾತು ಆಡಿಯಾಗಿತ್ತು, ಅದೂ ಕಾರಣಸಮೇತ. ಅವರು ಹತ್ತೊಂಬತ್ತನೆಯ ಸಾಲಿನಲ್ಲಿ ಕೈಯಾರೆ ಒಂದು ಚುಕ್ಕಿ ಇಟ್ಟರು. ಪೆನ್ಸಿಲಿನಲ್ಲಿ ಇಟ್ಟರು, ಆತ್ಮಸಾಕ್ಷಿಗೆ ಒಂದಿಷ್ಟು ಜಾಗ ಬಿಟ್ಟ ಹಾಗೆ. ಅಂದಿನಿಂದ ಪ್ರತಿ ಹೊಸ ಹಾಳೆಯಲ್ಲೂ ಇಡುತ್ತ ಬಂದರು. ಈಗ ಊರಲ್ಲಿ ಹನ್ನೊಂದು ಸ್ವೆಟರುಗಳಿಗೆ ಎಡಭುಜದ ಕೆಳಗೆ ಒಂದು ಗಂಟು. ಅತ್ತಿಗೆಯ ಗಂಡ ಪೇಪರು ಓದುತ್ತ ತಮ್ಮದನ್ನು ಬೆರಳಿನಿಂದ ಸವರಿಕೊಳ್ಳುವರು; ಏನೆಂದು ಕೇಳಿದವರಲ್ಲ.

ಹೀಗೆ ಎಲ್ಲವೂ ಸುಖವಾಗಿ ನಡೆದಿರುವಾಗ ಒಂದು ಶನಿವಾರ ಬೆಳಿಗ್ಗೆ ನಾದಿನಿ ಬಡ್ತಿಯ ಅರ್ಜಿಗೆಂದು ತನ್ನ ಅಂಕಪಟ್ಟಿಯನ್ನು ಸ್ಕ್ಯಾನ್ ಮಾಡಿದಳು. ಗಣಿತದ ಎಪ್ಪತ್ತೆಂಟರ ನಡುವೆ ಚುಕ್ಕಿಯೊಂದು ಬಂದು ಕೂತಿತು. ಗಾಜು ಒರೆಸಿದಳು. ಚುಕ್ಕಿ ಕದಲಲಿಲ್ಲ. ಧೂಳು ಗಾಜಿನ ಒಳಮೈಗೆ ಅಂಟಿದೆ, ಬಿಚ್ಚದೆ ಹೋಗುವುದಿಲ್ಲ ಎಂದು ಸಾರಿ, ಅತ್ತಿಗೆಯ ಹಾಳೆಗಳ ಮೇಲೂ ಇದು ಬಿದ್ದಿರಬೇಕು ಎಂದು ಸೇರಿಸಿದಳು.

“ನಡೀತಿರೋದನ್ನ ಯಾಕೆ ಬಿಚ್ತೀಯ?” ಎಂದರು ಅತ್ತಿಗೆ. ಬಿಚ್ಚಿದ್ದು ಮೊದಲಿನಂತೆ ಕೂಡುವುದಿಲ್ಲವೆಂದೂ ಸ್ಕ್ರೂ ಕಳೆಯುತ್ತದೆಂದೂ ಸಂಜೆ ಕ್ಲಾಸಿದೆಯೆಂದೂ ಹೇಳಿ ನೋಡಿದರು.

“ಏಳು ಪಾಯಿಂಟ್ ಎಂಟು ತಗೊಂಡವಳಿಗೆ ಯಾರು ಅತ್ತಿಗೆ ಪ್ರಮೋಷನ್ ಕೊಡ್ತಾರೆ?” ಎಂದಳು ನಾದಿನಿ.

ಊಟದ ಮೇಜಿನ ಮೇಲೆ ಹಳೆಯ ಹಾಸು ಹಾಕಿ, ವೈರು ಕಿತ್ತು, ಮುಚ್ಚಳ ಕಳಚಿ, ಮೂಲೆಯ ನಾಲ್ಕು ಸ್ಕ್ರೂಗಳನ್ನು ಬಟ್ಟಲಿಗೆ ಹಾಕಿದಳು. ಗಾಜಿನ ಸಮೇತ ಮೇಲಿನ ಚೌಕಟ್ಟು ಎದ್ದು ಬಂತು. ಬೋರಲು ಹಾಕಿ ಕಿಟಕಿಯ ಬೆಳಕಿಗೆ ಓರೆ ಹಿಡಿದರೆ ಒಳಮೈ ತುಂಬ ಮಂಜು ಕವಿದಂಥ ಮಸುಕು. ಅದರ ನಡುವೆ ಸಾಸಿವೆಯ ಕಾಲುಭಾಗದಷ್ಟು ಒಂದು ಕರಿ ಕಣ. ಕನ್ನಡಕದ ಬಟ್ಟೆಯನ್ನು ಒದ್ದೆಯೋ ಅಲ್ಲವೋ ಎಂಬಷ್ಟು ನೆನೆಸಿ, ಅಂಚಿನಿಂದ ಅಂಚಿಗೆ ಒರೆಸಿದಳು. ಬೆರಳಿನ ಗುರುತು ಮೂಡಿತು; ಬಾಯಿಯ ಹಬೆ ಊದಿ ಅದನ್ನೂ ಒರೆಸಿದಳು. ಗಾಜು ಇದೆಯೋ ಇಲ್ಲವೋ ತಿಳಿಯದಂತಾಯಿತು. ಜೋಡಿಸಿ, ಸಂಜೆಗೆಂದು ಅತ್ತಿಗೆ ಬರೆದಿಟ್ಟಿದ್ದ ಹೊಸ ಹಾಳೆಯನ್ನೇ, ನೋಡುವ ಗೋಜಿಗೆ ಹೋಗದೆ, ಮಗುಚಿ ಹಾಕಿ ಸ್ಕ್ಯಾನ್ ಮಾಡಿದಳು.

ಹತ್ತೊಂಬತ್ತನೆಯ ಸಾಲಿನಲ್ಲಿ, ಅಂಕಪಟ್ಟಿಯ ಮೇಲೆ ಬಿದ್ದಿದ್ದ ಜಾಗದಲ್ಲೇ, ಚುಕ್ಕಿ.

ಅತ್ತಿಗೆ ಬಟಾಣಿ ಬಿಡಿಸುತ್ತ ಎದುರಿಗೇ ಕೂತಿದ್ದರು. ನಾದಿನಿ ಮತ್ತೆ ಬಿಚ್ಚಿದಳು, ಮತ್ತೆ ಒರೆಸಿದಳು, ಮತ್ತೆ ಅದೇ ಹಾಳೆ ಹಾಕಿದಳು, ಚುಕ್ಕಿ ಮತ್ತೆ ಬಂತು. ಇದು ಧೂಳಲ್ಲ, ಯಂತ್ರದ ಕಣ್ಣೇ ಕೆಟ್ಟಿರಬೇಕು, ಎಸೆದುಬಿಡುತ್ತೇನೆ ಎಂದು ಗೊಣಗಿಕೊಂಡು ಮೂರನೆಯ ಸಲ ಸ್ಕ್ರೂಡ್ರೈವರ್ ಎತ್ತಿಕೊಂಡಳು. ಅವಳ ಹಣೆಯಲ್ಲಿ ಬೆವರಿತ್ತು. ಅತ್ತಿಗೆಯ ಬಟ್ಟಲಲ್ಲಿ ಸಿಪ್ಪೆ ಯಾವುದು ಕಾಳು ಯಾವುದು ಎಂಬುದು ಕಲಸಿಹೋಗಿತ್ತು.

“ಸಾಕು ಬಿಡು ತಾಯೀ,” ಎಂದರು. “ಗಾಜು ಚೊಕ್ಕವಾಗೇ ಇದೆ. ಅದು ನಾನಿಟ್ಟ ಚುಕ್ಕಿ.”

“ನೀವ್ಯಾಕೆ ಇಟ್ರಿ?”

“ನಿನ್ನ ಮಷೀನು ಇಟ್ಟಿತ್ತಲ್ಲ, ಅದಕ್ಕೆ.”

ಪೂರ್ತಿ ಕಥೆ ಕೇಳಿದ ನಾದಿನಿ ನಗಲಿಲ್ಲ. ನಗದಿರುವುದಕ್ಕೆ ಅಡಿಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿಯಬೇಕಾಯಿತು. ಚುಕ್ಕಿ ಹಾಗೇ ಇರಲಿ, ಯಾರಿಗೂ ನಷ್ಟವಿಲ್ಲ ಎಂದು ಹೇಳಲು ಅವಳು ಮರಳಿ ಬರುವಷ್ಟರಲ್ಲಿ ಅತ್ತಿಗೆ ರಬ್ಬರಿನಿಂದ ಹಾಳೆ ಉಜ್ಜುತ್ತಿದ್ದರು. ಸುಳ್ಳಿಗೆ ಆಧಾರವಾಗಿದ್ದ ಧೂಳೇ ಹೋದ ಮೇಲೆ ಅದನ್ನು ಒಬ್ಬಳೇ ಹೊರಲು ತಮ್ಮಿಂದಾಗದು ಎಂದರು.

ನಾಲ್ಕಕ್ಕೆ ಏಳು ಮಂದಿ ಬಂದು ಕೂತರು. ಹಲ್ಲಿನ ಡಾಕ್ಟರು ಹೊಸ ಪ್ರತಿಯ ಸಾಲು ಎಣಿಸಿದರು, ಇನ್ನೊಮ್ಮೆ ಎಣಿಸಿದರು, ಆ ಉಲ್ಟಾ ಎಲ್ಲಿ ಎಂದು ಕೇಳಿದರು.

“ಅದು ಧೂಳು,” ಎಂದರು ಅತ್ತಿಗೆ. “ಸ್ಕ್ಯಾನರ್ ಒಳಗಿತ್ತು. ಗೊತ್ತಿಲ್ಲ ಅನ್ನೋ ಬದಲು ಬಾಯಿಗೆ ಬಂದಿದ್ದು ಹೇಳಿಬಿಟ್ಟೆ.”

ಹಲ್ಲಿನ ಡಾಕ್ಟರು ಅಳುತ್ತಾರೇನೋ ಅನ್ನಿಸಿತು. ಆದರೆ ಅವರ ಮುಖದಲ್ಲಿ ಮೂಡಿದ್ದು ಹಲ್ಲು ಕಿತ್ತಾದ ಮೇಲಿನ ನಿರಾಳ.

“ನಮ್ಮ ಯಜಮಾನರ ಸ್ವೆಟರಲ್ಲಿ ನಾನದನ್ನ ಹಾಕೋದೇ ಮರೆತಿದ್ದೆ ಅಕ್ಕಾ. ನೀವು ಕಂಡುಹಿಡೀತೀರಿ ಅಂತ ಎರಡು ತಿಂಗಳಿಂದ ಅವರನ್ನ ಒಳಗೇ ಕರ್ಕೊಂಡು ಬಂದಿಲ್ಲ. ಕೆಳಗೆ ಕಾರಲ್ಲಿ ಕೂತಿದ್ದಾರೆ.”

ಕರೆಸಲಾಯಿತು. ತಮ್ಮಿಂದ ಏನು ತಪ್ಪಾಯಿತೆಂದು ತಿಳಿಯದ ಆ ದೊಡ್ಡ ಮನುಷ್ಯ ಏಳು ಹೆಂಗಸರ ನಡುವೆ ಕೈ ಇಳಿಬಿಟ್ಟು ನಿಂತರು. ಅತ್ತಿಗೆ ಅವರ ಎಡಭುಜ ಎಳೆದು ನೋಡಿದರು, ಬಲಭುಜ ಎಳೆದು ನೋಡಿದರು, ನಾಲ್ಕು ಹೆಜ್ಜೆ ಹಿಂದೆ ಸರಿದು ಕನ್ನಡಕ ಏರಿಸಿಕೊಂಡರು.

“ಎಡಗಡೆ ಒಂದು ಚೂರು ಜಗ್ಗಿದೆ, ನೋಡಿ,” ಎಂದರು. ಆಮೇಲೆ ಅವರಿಗೊಂದು ಕುರ್ಚಿ ಹಾಕಿಸಿ, ಚಹಾ ಮಾಡಲು ತಾವೇ ಒಳಗೆ ಹೋದರು.